ಜಿಪ್ಸಿ ಎತ್ತರ ಮಾಡಿಸೋಣ ಅಂತ ಹೊರಟೆ

ಹೋದ ವರ್ಷ ಪುನರ್ವಸು ಮಳೆಯಲ್ಲಿ ನಮ್ಮ ಜಿಪ್ಸಿ ತೋಟದ ದಾರಿಯಲ್ಲಿ ಹೊಟ್ಟೆ ಊರಿ ಕೂತುಬಿಟ್ಟಿತು. ಹಿಂದೆ ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಔಷಧಿಯ ಡ್ರಮ್ಮು, ಪಕ್ಕದಲ್ಲಿ ಅಪ್ಪ, ಮೇಲಿಂದ ಒಂದೇ ಸಮ ಹೊಯ್ಯುವ ಮಳೆ. ಫೋರ್ ಬೈ ಫೋರ್ ಹಾಕಿ, ಲೋ ಗೇರಿಗೆ ಇಳಿಸಿ ಒತ್ತಿದೆ. ಮುಂದೆ ಒಂದು ಚಕ್ರ, ಹಿಂದೆ ಒಂದು ಚಕ್ರ ಗಿರಗಿರ ತಿರುಗಿತು, ಕೆಸರು ಅಪ್ಪನ ಬದಿಯ ಟಾರ್ಪಾಲಿಗೆ ಹಾರಿತು, ಗಾಡಿ ಮಾತ್ರ ಅಲ್ಲೇ.

ಇಳಿದು ಬಗ್ಗಿ ನೋಡಿದೆ. ಟ್ರ್ಯಾಕ್ಟರ್ ಓಡಾಡಿ ಓಡಾಡಿ ಎರಡೂ ಬದಿ ಮೊಣಕಾಲುದ್ದ ಜಾಡು ಬಿದ್ದಿದೆ, ನಡುವೆ ಜಂಬಿಟ್ಟಿಗೆ ಮಣ್ಣಿನ ದಿಣ್ಣೆ, ಆ ದಿಣ್ಣೆಯ ಮೇಲೆ ಹಿಂದಿನ ಡಿಫರೆನ್ಷಿಯಲ್, ಅಂದರೆ ಆಕ್ಸಲ್ಲಿನ ನಡುವೆ ಉಬ್ಬಿಕೊಂಡಿರುವ ಗೇರಿನ ಗುಂಡು, ಕೋಳಿ ಕಾವು ಕೂತ ಹಾಗೆ ಕೂತಿದೆ. ಕೊನೆಗೆ ಪಕ್ಕದ ಮನೆ ಭಾವನ ಟ್ರ್ಯಾಕ್ಟರ್ ಬಂದು ಎಳೆಯಿತು.

"ಈ ದಿಣ್ಣೆ ಕಡಿಸೋಕೆ ಎರಡಾಳು ಸಾಕಿತ್ತಲ್ಲೋ" ಅಂದರು ಅಪ್ಪ. ನನಗದು ಕೇಳಿಸಲೇ ಇಲ್ಲ. ತಲೆಯಲ್ಲಿ ಆಗಲೇ ಲಿಫ್ಟ್, ಅಂದರೆ ಗಾಡಿಯನ್ನೇ ಎತ್ತರ ಮಾಡಿಸೋದು, ಅನ್ನೋ ಹುಳ ಹೊಕ್ಕಿತ್ತು.

ಗಾಡಿಯ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. 1999ರ ಜಿಪ್ಸಿ ಕಿಂಗ್, 1.3 ಲೀಟರ್ ಪೆಟ್ರೋಲ್, ಕಾರ್ಬ್ಯುರೇಟರಿನದ್ದು. ನನಗೆ ಬರುವ ಹೊತ್ತಿಗೆ ಅದು ಮೂರು ಮನೆ ಕಂಡಿತ್ತು. ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಅಂದರೆ ಎಡ ಬಲ ಚಕ್ರ ಎರಡನ್ನೂ ಹಿಡಿದಿರುವ ಒಂದೇ ದಂಡ. ನಾಲ್ಕೂ ಚಕ್ರಕ್ಕೆ ಕಮಾನು ಪಟ್ಟಿ, ಅಂದರೆ ನಮ್ಮ ಕಡೆ ಮೆಕ್ಯಾನಿಕ್‌ಗಳು ಪ್ಲೇಟ್ ಅನ್ನುವ ಲೀಫ್ ಸ್ಪ್ರಿಂಗ್. ಕಾಯಿಲ್ ಇಲ್ಲ, ಎಲೆಕ್ಟ್ರಾನಿಕ್ಸ್ ಇಲ್ಲ. ಇಂಥ ಗಾಡಿಯನ್ನು ಎತ್ತರ ಮಾಡುವುದು ಎಷ್ಟು ಸುಲಭ ಅಂತ ಮೊಬೈಲ್‌ನಲ್ಲಿ ನೋಡಿದಷ್ಟೂ ಅನ್ನಿಸುತ್ತದೆ. ಅಲ್ಲೇ ಯಾಮಾರುವುದು.

ರಾತ್ರಿ ಎಲ್ಲಾ ಕೂತು ಹುಡುಕಿದೆ. ಹೊರದೇಶದ ಪೂರ್ತಿ ಕಿಟ್‌ಗಳು ಚೆಂದವೇ, ಆದರೆ ಸಾಗಣೆ, ಕಸ್ಟಮ್ಸ್ ಎಲ್ಲಾ ಸೇರಿಸಿ ಕೂಡಿಸಿದ ಮೇಲೆ ಮೊಬೈಲ್ ಮಗುಚಿ ಮಲಗಿದೆ. ಮರುದಿನ ಕಂಡಿದ್ದು ಉದ್ದ ಶ್ಯಾಕಲ್. ಶ್ಯಾಕಲ್ ಅಂದರೆ ಪಟ್ಟಿಯ ಒಂದು ತುದಿಯನ್ನು ಗಾಡಿಯ ಅಡಿಯ ಚೌಕಟ್ಟಿಗೆ, ಅಂದರೆ ಚಾಸಿಗೆ, ಹಿಡಿದುಕೊಳ್ಳುವ ಜೋಡಿ ಕಬ್ಬಿಣದ ತುಂಡು, ಉಯ್ಯಾಲೆಯ ಹಾಗೆ ಆಡುವಂಥದ್ದು. ಅದನ್ನು ತೆಗೆದು ಉದ್ದದ್ದು ಹಾಕಿದರೆ ಗಾಡಿ ಏರುತ್ತದೆ. ನಾಲ್ಕು ಜೋಡಿಗೆ 2,800 ರೂಪಾಯಿ. ಮನೆ ಬಾಗಿಲಿಗೇ ಬಂತು. ಒಂದು ಭಾನುವಾರ, ಎರಡು ಜಾಕು, ಒಂದು ಪೈಪು, ಕೈಕಾಲು ತರಚಿದ್ದು ಬೇರೆ, ಸಂಜೆಗೆ ಗಾಡಿ ಎತ್ತರವಾಗಿ ನಿಂತಿತು. ಫೋಟೋ ತೆಗೆದು ಸ್ಟೇಟಸ್ಸಿಗೂ ಹಾಕಿದೆ.

ಲೆಕ್ಕ ಒಂದು ಮೊದಲೇ ಗೊತ್ತಿದ್ದರೆ ಚೆನ್ನಾಗಿತ್ತು. ಶ್ಯಾಕಲ್ 2 ಇಂಚು ಉದ್ದ ಮಾಡಿದರೆ ಗಾಡಿ ಏರುವುದು 1 ಇಂಚು ಮಾತ್ರ, ಯಾಕೆಂದರೆ ಪಟ್ಟಿಯ ಇನ್ನೊಂದು ತುದಿ ಇದ್ದಲ್ಲೇ ಇರುತ್ತದೆ. ಒಂದು ತುದಿ ಮಾತ್ರ ಇಳಿದಾಗ ಪಟ್ಟಿ ವಾಲುತ್ತದೆ, ಅದರ ಮೇಲೆ ಕೂತ ಆಕ್ಸಲ್ಲೂ ಸ್ವಲ್ಪ ತಿರುಗಿಕೊಳ್ಳುತ್ತದೆ. ಮುಂದಿನ ಆಕ್ಸಲ್ ತಿರುಗಿತು ಅಂದರೆ ಕ್ಯಾಸ್ಟರ್ ಕೆಟ್ಟಿತು. ಸೈಕಲ್‌ನ ಮುಂದಿನ ಫೋರ್ಕ್ ಓರೆಯಾಗಿ ಇರುತ್ತದಲ್ಲ, ಕೈ ಬಿಟ್ಟರೂ ಸೈಕಲ್ ನೇರ ಹೋಗುವುದಕ್ಕೆ ಆ ಓರೆಯೂ ಒಂದು ಕಾರಣ. ಗಾಡಿಯ ಕ್ಯಾಸ್ಟರ್ ಕೂಡ ಅದೇ ಜಾತಿಯ ಓರೆ.

ನನಗಿದು ಗೊತ್ತಾಗಿದ್ದು ಮಂಡಗದ್ದೆ ಹತ್ತಿರ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೊರಟಿದ್ದೆ. ಊರೊಳಗೆ, ತೋಟದ ದಾರಿಯಲ್ಲಿ ಏನೂ ಅನ್ನಿಸಿರಲಿಲ್ಲ. ಟಾರು ರೋಡಿಗೆ ಬಿದ್ದು ಅರವತ್ತರ ಹತ್ತಿರ ಹೋದಾಗ ಗಾಡಿ ತನ್ನಷ್ಟಕ್ಕೆ ಆಚೆ ಒಂದು ಮೊಳ, ಈಚೆ ಒಂದು ಮೊಳ ಅಲೆದಾಡತೊಡಗಿತು. ಸ್ಟೀರಿಂಗ್ ತಿರುಗಿಸಿದರೆ ಅರ್ಧ ಕ್ಷಣ ತಡೆದು ಕೇಳುತ್ತದೆ. ತಿರುವಿನಲ್ಲಿ ಎದುರಿಗೊಂದು ಬಸ್ಸು ಬಂತು. ಆ ಡ್ರೈವರಣ್ಣ ಹಾರ್ನ್ ಹೊಡೆದ ರೀತಿ ಇವತ್ತಿಗೂ ಕಿವಿಯಲ್ಲಿದೆ. ಅಲ್ಲಿಂದ ಶಿವಮೊಗ್ಗದವರೆಗೆ ನಲವತ್ತು ದಾಟಿಸಲಿಲ್ಲ. ಸಕ್ರೆಬೈಲಿನಲ್ಲಿ ಆನೆ ನೋಡಲು ನಿಂತವರೆಲ್ಲ ನನ್ನನ್ನೇ ನೋಡಿದ ಹಾಗೆ ಅನ್ನಿಸಿತು.

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಕಮಾನು ಪಟ್ಟಿ ಕೆಲಸ ಮಾಡುವ ಒಬ್ಬರು ಭಾಯ್ ಇದ್ದಾರೆ. ಹೆಚ್ಚು ಲಾರಿ ಕೆಲಸವೇ. ನನ್ನ ಗಾಡಿಯ ಮುಂದಿನ ಬಂಪರ್ ಹಿಡಿದು ಪಕ್ಕಕ್ಕೆ ಒಮ್ಮೆ ನೂಕಿದರು. ಬಾಡಿ ಓಲಾಡಿತು. ಉದ್ದ ಶ್ಯಾಕಲ್‌ಗಳು ಪಕ್ಕಕ್ಕೆ ವಾಲುವುದು ನನ್ನ ಕಣ್ಣಿಗೇ ಕಾಣಿಸಿತು. ಪಟ್ಟಿಯ ತುದಿಗಳಲ್ಲಿ ಕೂರುವ ರಬ್ಬರ್ ಬುಷ್ ಎಲ್ಲಾ ಸವೆದು ರಬ್ಬರು ಅನ್ನುವುದು ಹೆಸರಿಗೆ ಮಾತ್ರ ಉಳಿದಿತ್ತು, ಅದರ ಮೇಲೆ ನಾನು ಉದ್ದನೆ ಕಾಲು ಬೇರೆ ಕಟ್ಟಿದ್ದೆ.

ಅವರು ಕೇಳಿದ್ದು ಒಂದೇ ಪ್ರಶ್ನೆ. "ಸಾರ್, ಗಾಡಿ ಎತ್ತರ ಆಗ್ಬೇಕಾ, ಇಲ್ಲ ಮೊದ್ಲು ಎಷ್ಟಿತ್ತೋ ಅಷ್ಟಾದ್ರೆ ಸಾಕಾ?"

ನನಗೆ ಉತ್ತರ ತೋಚಲಿಲ್ಲ. ಯಾಕೆಂದರೆ ಮೊದಲು ಎಷ್ಟಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ.

ಟೇಪು ತಂದರು. ಹಬ್‌ನ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿಗೆ ಅಳತೆ. ಟೈರ್ ಯಾವ ಸೈಜಾದರೂ, ಗಾಳಿ ಎಷ್ಟಿದ್ದರೂ ಈ ಅಳತೆ ಬದಲಾಗುವುದಿಲ್ಲ, ಅದಕ್ಕೇ ನೆಲದಿಂದ ಅಳೆಯಬಾರದು. ನನ್ನ ಶ್ಯಾಕಲ್ ತೆಗೆದು ಹಳೆಯದನ್ನೇ ವಾಪಸ್ ಹಾಕಿ ಅಳೆದರೆ, ಹಿಂದೆ ಬಲಗಡೆ ಎಡಕ್ಕಿಂತ 28 ಮಿಲಿಮೀಟರ್ ತಗ್ಗು. ಅಲ್ಲೇ ಹೊಸ ಪ್ಲೇಟ್ ಸೆಟ್ ಹಾಕಿಸಿಕೊಂಡು ಇನ್ನೊಂದು ಜಿಪ್ಸಿ ನಿಂತಿತ್ತು, ಅದನ್ನೂ ಅಳೆದೆವು. ನನ್ನದು ನಾಲ್ಕೂ ಮೂಲೆಯಲ್ಲಿ ಅದಕ್ಕಿಂತ ಕೆಳಗೆ, ಹಿಂದೆಯಂತೂ ಒಂದು ಇಂಚಿಗೂ ಜಾಸ್ತಿ. ಇಪ್ಪತ್ತೈದು ವರ್ಷ ಡ್ರಮ್ಮು, ಗೊಬ್ಬರದ ಚೀಲ, ಅಡಿಕೆ ಮೂಟೆ ಹೊತ್ತು ಕಮಾನು ಚಪ್ಪಟೆಯಾಗಿತ್ತು. ಪಟ್ಟಿ ಬಿಚ್ಚಿದಾಗ ಹಿಂದಿನ ಬಲಗಡೆ ಎರಡನೇ ಪ್ಲೇಟ್ ತುಂಡಾಗಿರುವುದೂ ಸಿಕ್ಕಿತು. ಮಣ್ಣು ಮೆತ್ತಿದ್ದರಿಂದ ಹೊರಗಿನಿಂದ ಗೊತ್ತೇ ಆಗಿರಲಿಲ್ಲ.

ಅಂದರೆ ನಾನು ಲಿಫ್ಟ್ ಅಂತ ದುಡ್ಡು ಕೊಟ್ಟಿದ್ದು ಗಾಡಿ ಕಳೆದುಕೊಂಡಿದ್ದ ಎತ್ತರಕ್ಕೆ. ಹಳೇ ಗಾಡಿ ಇಟ್ಟುಕೊಂಡು ಲಿಫ್ಟ್ ಹುಡುಕುತ್ತಿರುವವರು ದಯವಿಟ್ಟು ಇದೊಂದು ಕೆಲಸ ಮೊದಲು ಮಾಡಿ. ಟೇಪಿನ ಬೆಲೆ ಐವತ್ತು ರೂಪಾಯಿ.

ಆಮೇಲೆ ಇನ್ನೊಂದು ಸತ್ಯ. ನನ್ನ ಗಾಡಿ ಸಿಕ್ಕಿಕೊಂಡಿದ್ದು ಡಿಫರೆನ್ಷಿಯಲ್ಲಿನಲ್ಲಿ ಅಲ್ವಾ? ಗಟ್ಟಿ ಆಕ್ಸಲ್ ಗಾಡಿಯಲ್ಲಿ ಸಸ್ಪೆನ್ಷನ್ ಎಷ್ಟೇ ಎತ್ತರಿಸಿದರೂ ಡಿಫರೆನ್ಷಿಯಲ್ ಒಂದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಚಾಸಿ ಏರುತ್ತದೆ, ಬಾಡಿ ಏರುತ್ತದೆ, ಬಂಪರ್ ಏರುತ್ತದೆ, ಆಕ್ಸಲ್ ಮಾತ್ರ ಚಕ್ರದ ನಡುವೆ ಇದ್ದಲ್ಲೇ. ಅದನ್ನು ಏರಿಸುವುದು ಟೈರ್ ಒಂದೇ. ನಾನು 4 ಇಂಚು ಲಿಫ್ಟ್ ಹಾಕಿಸಿದ್ದರೂ ಅದೇ ದಿಣ್ಣೆಯ ಮೇಲೆ ಅದೇ ರೀತಿ ಕೂರುತ್ತಿದ್ದೆ, ಸ್ವಲ್ಪ ಎತ್ತರದ ಸೀಟಿನಲ್ಲಿ.

ಟೈರಿನ ಲೆಕ್ಕ ಮಾಡಿ ನೋಡಿ. ಜಿಪ್ಸಿ ಕಿಂಗಿಗೆ ಕಂಪನಿ ಕೊಟ್ಟಿದ್ದು 205/70 R15. ಅಡ್ಡಳತೆ ಸುಮಾರು 668 ಮಿಲಿಮೀಟರ್. 215/75 R15 ಹಾಕಿದರೆ 703, ಅಂದರೆ ಆಕ್ಸಲ್ ಸುಮಾರು 18 ಮಿಲಿಮೀಟರ್ ಮೇಲೆ. 235/75 R15 ಹಾಕಿದರೆ 733, ಆಕ್ಸಲ್ ಹತ್ತಿರ ಹತ್ತಿರ 33 ಮಿಲಿಮೀಟರ್ ಮೇಲೆ. ಕಂಪನಿ ಹೇಳುವ ಗ್ರೌಂಡ್ ಕ್ಲಿಯರೆನ್ಸ್ 210 ಮಿಲಿಮೀಟರ್ ಇರುವ ಗಾಡಿಗೆ ಇದು ಸಣ್ಣದಲ್ಲ. ಆದರೆ ಸುಮ್ನೆ ಬರುವುದೂ ಅಲ್ಲ. 215ರಲ್ಲಿ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 63ರಲ್ಲಿ ಇರುತ್ತದೆ, 235ರಲ್ಲಿ 66ರ ಹತ್ತಿರ. ಗೇರೂ ಅಷ್ಟೇ ಎತ್ತರವಾಗುತ್ತದೆ, ಕಾರ್ಬ್ಯುರೇಟರ್ ಎಂಜಿನ್ ಘಾಟಿಯಲ್ಲಿ ಏದುಸಿರು ಬಿಡುತ್ತದೆ. ಒಬ್ಬ ಸ್ನೇಹಿತನ 235 ಟೈರ್ ಒಂದು ದಿನ ಎರವಲು ಹಾಕಿ ನೋಡಿದೆ. ಪೂರ್ತಿ ಸ್ಟೀರಿಂಗ್ ತಿರುಗಿಸಿದಾಗ ಉಜ್ಜುವ ಶಬ್ದ, ಆಗುಂಬೆ ಘಾಟಿಯ ಹೇರ್‌ಪಿನ್ನಿನಲ್ಲಿ ಮೂರನೇ ಗೇರಿನ ಆಸೆ ಬಿಟ್ಟು ಎರಡಕ್ಕೆ, ಆಮೇಲೆ ಒಂದಕ್ಕೆ. ವಾಪಸ್ ಕೊಟ್ಟುಬಿಟ್ಟೆ. 215 ಸಾಕು.

ಹಾಗಂತ ಸಸ್ಪೆನ್ಷನ್ ಲಿಫ್ಟ್ ದಂಡ ಅಂತಲ್ಲ. ದರೆಯ ಅಂಚು ಹತ್ತುವಾಗ ಬಂಪರ್ ತಾಗುವುದು, ಹಳ್ಳ ಇಳಿದು ಏರುವಾಗ ನಡುವಿನಲ್ಲಿ ಚಾಸಿ ತಾಗುವುದು, ದೊಡ್ಡ ಟೈರ್ ಒಳಗೆ ಉಜ್ಜುವುದು, ಇವಕ್ಕೆಲ್ಲ ಅದೇ ಔಷಧಿ. ಕಾಯಿಲೆ ಯಾವುದು ಅಂತ ನೋಡಿಕೊಂಡು ಔಷಧಿ ಹೊಡೆಯಬೇಕು, ಅಷ್ಟೆ.

ಅಗ್ಗದ ದಾರಿಗಳು ಇನ್ನೂ ಇವೆ. ಬಾಡಿಗೂ ಚಾಸಿಗೂ ನಡುವೆ ನೈಲಾನ್ ಅಚ್ಚು ಇಟ್ಟು ಬಾಡಿ ಮಾತ್ರ ಎತ್ತುವುದು ಒಂದು. ಟೈರಿಗೆ ಜಾಗ ಸಿಗುತ್ತದೆ, ಆದರೆ ಸ್ಟೀರಿಂಗ್ ರಾಡು, ಗೇರ್ ಲಿವರ್, ಪೆಟ್ರೋಲ್ ಪೈಪು ಎಲ್ಲವೂ ಸರಿಯಾಗಿ ಬರುತ್ತದಾ ನೋಡಬೇಕು. ಪಟ್ಟಿಯನ್ನು ಆಕ್ಸಲ್ಲಿನ ಕೆಳಗಿನಿಂದ ಮೇಲಕ್ಕೆ ತರುವ ಸ್ಪ್ರಿಂಗ್ ಓವರ್ ಅಂತ ಇನ್ನೊಂದು. ಒಂದೇ ಏಟಿಗೆ 5 ಇಂಚು ಏರುತ್ತದೆ. ವೆಲ್ಡಿಂಗ್ ಬೇಕು, ಸ್ಟೀರಿಂಗ್ ರಾಡು ಬೇರೆ ಮಾಡಬೇಕು, ಜೋರಾಗಿ ಆಕ್ಸಿಲರೇಟರ್ ಕೊಟ್ಟಾಗ ಪಟ್ಟಿ ಹಾವಿನ ಹಾಗೆ ಮುರುಚಿಕೊಳ್ಳುತ್ತದೆ. ತೋಟಕ್ಕೆ ಹೋಗುವ ಗಾಡಿಗೆ ಅದು ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಒಬ್ಬರು ಪುಣ್ಯಾತ್ಮರು ಪಟ್ಟಿಗೂ ಆಕ್ಸಲ್ಲಿಗೂ ನಡುವೆ ಒಂದೊಂದು ಕಬ್ಬಿಣದ ಬ್ಲಾಕ್ ಇಡಿ, ಐನೂರು ರೂಪಾಯಲ್ಲಿ ಮುಗೀತು ಅಂದರು. ಪಿಕಪ್ಪುಗಳಲ್ಲಿ ಪಟ್ಟಿ ಆಕ್ಸಲ್ಲಿನ ಮೇಲಿದ್ದರೆ ಹಿಂದಿನ ಚಕ್ರಕ್ಕೆ ಹಾಗೆ ಮಾಡುತ್ತಾರೆ. ಜಿಪ್ಸಿಯಲ್ಲಿ ಪಟ್ಟಿ ಇರುವುದು ಆಕ್ಸಲ್ಲಿನ ಕೆಳಗೆ. ನಡುವೆ ಬ್ಲಾಕ್ ಇಟ್ಟರೆ ಪಟ್ಟಿ ಇನ್ನೂ ಕೆಳಗೆ ಹೋಗುತ್ತದೆ, ಅದರ ಜೊತೆ ಗಾಡಿಯೂ. ಐನೂರು ಕೊಟ್ಟು ಗಾಡಿ ಕುಳ್ಳ ಮಾಡಿಸಿಕೊಂಡ ಹಾಗೆ. ಭಾಯ್‌ಗೆ ಇದನ್ನು ಹೇಳಿದಾಗ ನಕ್ಕು ನಕ್ಕು ಅವರ ಬೀಡಿ ಆರಿಹೋಯಿತು.

ಕೊನೆಗೆ ನಾವು ಮಾಡಿದ್ದು ಪಟ್ಟಿಗಳಿಗೆ ಕಮಾನು ಮತ್ತೆ ಕೊಡುವುದು. ಇದನ್ನು ಎರಡು ಥರ ಮಾಡುತ್ತಾರೆ. ತಣ್ಣಗಿರುವಾಗಲೇ ಅಡಿಗಲ್ಲಿನ ಮೇಲಿಟ್ಟು ಇಂಚಿಂಚಾಗಿ ಬಡಿದು ಬಗ್ಗಿಸುವುದು ಒಂದು. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿ, ಎಣ್ಣೆಗೆ ಅದ್ದಿ, ಮತ್ತೆ ಹದ ಕಾಯಿಸುವುದು ಇನ್ನೊಂದು. ಕತ್ತಿಗೆ ಹದ ಹಾಕುವುದು ನೋಡಿದವರಿಗೆ ಇದು ಅರ್ಥವಾಗುತ್ತದೆ. ಹದ ಜಾಸ್ತಿಯಾದರೆ ಪ್ಲೇಟ್ ಗಾಜಿನ ಹಾಗೆ ಮುರಿಯುತ್ತದೆ, ಕಮ್ಮಿಯಾದರೆ ಎರಡು ಮಳೆಗಾಲಕ್ಕೆ ಮತ್ತೆ ಚಪ್ಪಟೆ. ಗ್ಯಾಸ್ ಕಟ್ಟರಿನಲ್ಲಿ ಅಲ್ಲಲ್ಲಿ ಬಿಸಿ ಮಾಡಿ ಬಗ್ಗಿಸುವವರ ಹತ್ತಿರ ಮಾತ್ರ ಹೋಗಬೇಡಿ.

ಭಾಯ್ ಕೆಲಸ ಮಾಡಿದ ರೀತಿಯನ್ನು ನಾನು ಎರಡು ಗಂಟೆ ಕೂತು ನೋಡಿದೆ. ಮೊದಲು ಸೀಮೆಸುಣ್ಣದಲ್ಲಿ ಸಿಮೆಂಟ್ ನೆಲದ ಮೇಲೆ ಒಂದು ಬಿಲ್ಲು ಬರೆದರು. ಪ್ರತಿ ಪ್ಲೇಟನ್ನೂ ಬಡಿದು, ತಂದು ಆ ಗೆರೆಯ ಮೇಲಿಡುವುದು, ಒಂದು ಕಣ್ಣು ಮುಚ್ಚಿ ನೋಡುವುದು, ಮತ್ತೆ ಒಯ್ದು ಎರಡೇಟು. ಎಡದ್ದು ಬಲದ್ದು ಎರಡಕ್ಕೂ ಒಂದೇ ಗೆರೆ. ತುಂಡಾಗಿದ್ದ ಪ್ಲೇಟು, ಅದರ ಎಡಗಡೆ ಜೋಡಿ, ಎರಡನ್ನೂ ತೆಗೆದು ಹೊಸದು ಹಾಕಿದರು. ಕೆಳಗೊಂದು ಪ್ಲೇಟ್ ಜಾಸ್ತಿ ಹಾಕಿ ಅಂತ ನಾನು ಕೇಳಿದ್ದಕ್ಕೆ ಒಪ್ಪಲಿಲ್ಲ. ಜಿಪ್ಸಿ ಮೊದಲೇ ಎತ್ತಿ ಎತ್ತಿ ಒಗೆಯುವ ಗಾಡಿ, ಸಾವಿರ ಕೆಜಿ ಕೂಡ ಇಲ್ಲ, ಪ್ಲೇಟ್ ಜಾಸ್ತಿ ಮಾಡಿದರೆ ಖಾಲಿ ಗಾಡಿಯಲ್ಲಿ ನಿಮ್ಮ ಸೊಂಟ ಉಳಿಯುವುದಿಲ್ಲ ಅಂದರು. ನಮ್ಮದು ಯಾವಾಗಲೂ ಲೋಡ್ ಇರುವ ಗಾಡಿ ಅಲ್ಲ. ಮಳೆಗಾಲದಲ್ಲಿ 200 ಲೀಟರ್ ಡ್ರಮ್ಮು, ಅದೇ 200 ಕೆಜಿ ಆಯ್ತು, ಉಳಿದ ಎಂಟು ತಿಂಗಳು ಅಮ್ಮ ಮತ್ತು ಅವರ ತರಕಾರಿ ಚೀಲ.

ಹಾಕುವಾಗ ಮೂರು ವಿಷಯ ಗಮನಿಸಿದೆ. ಪಟ್ಟಿಯನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟ್ ಹಳೆಯದನ್ನು ವಾಪಸ್ ಹಾಕಲಿಲ್ಲ, ಒಮ್ಮೆ ಬಿಗಿದು ಎಳೆದುಕೊಂಡಿದ್ದು ಮತ್ತೆ ಸರಿಯಾಗಿ ಹಿಡಿಯುವುದಿಲ್ಲವಂತೆ. ಬುಷ್ ಬೋಲ್ಟ್‌ಗಳನ್ನು ಗಾಡಿ ಜಾಕಿನ ಮೇಲಿರುವಾಗ ಬಿಗಿ ಮಾಡಲಿಲ್ಲ, ಕೆಳಗಿಳಿಸಿ ಪೂರ್ತಿ ಭಾರ ಬಿದ್ದ ಮೇಲೆ ಬಿಗಿದರು, ಇಲ್ಲದಿದ್ದರೆ ರಬ್ಬರು ಮುರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಮೂರನೆಯದು ನನಗೆ ತುಂಬಾ ಇಷ್ಟವಾದದ್ದು. ಚಾಸಿಯನ್ನು ಜಾಕಿನಲ್ಲಿ ಎತ್ತಿ ಚಕ್ರ ಜೋತಾಡುವಂತೆ ಮಾಡಿ, ಬ್ರೇಕಿನ ರಬ್ಬರ್ ಪೈಪಿಗೆ ಬೆರಳು ಹಾಕಿ ನೋಡಿದರು. ಸಡಿಲ ಇತ್ತು. ನನ್ನ ಉದ್ದ ಶ್ಯಾಕಲ್ ಇದ್ದಾಗ ಅದೇ ಪೈಪು ವೀಣೆ ತಂತಿಯ ಹಾಗೆ ಬಿಗಿದಿತ್ತು ಅನ್ನುವುದನ್ನು ಫೋಟೋದಲ್ಲಿ ಆಮೇಲೆ ನೋಡಿ ಬೆವೆತೆ. ಅದೇ, ಸ್ಟೇಟಸ್ಸಿಗೆ ಹಾಕಿದ್ದ ಫೋಟೋ.

ಶಾಕ್ ಅಬ್ಸಾರ್ಬರ್ ನಾಲ್ಕೂ ಹೊಸದು, ಕಂಪನಿ ಅಳತೆಯದ್ದೇ. 2 ಇಂಚಿಗಿಂತ ಜಾಸ್ತಿ ಏರಿಸುವವರು ಉದ್ದದ್ದು ಹಾಕಲೇಬೇಕು. ಇಲ್ಲದಿದ್ದರೆ ಚಕ್ರ ಗುಂಡಿಗೆ ಇಳಿದಾಗ ಶಾಕ್ ಪೂರ್ತಿ ಎಳೆದುಕೊಂಡು ನಿಂತು, ಚೈನು ಕಟ್ಟಿದ ನಾಯಿಯ ಹಾಗೆ ಜಗ್ಗಿ ಜಗ್ಗಿ ಮೇಲಿನ ಬ್ರಾಕೆಟ್ಟೇ ಕಿತ್ತುಬರುತ್ತದೆ. ಎಂಜಿನ್ ಕಡೆಯಿಂದ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನವೂ ಅಷ್ಟೇ, ಜಾಸ್ತಿ ಏರಿಸಿದಷ್ಟೂ ಅದರ ತುದಿಯ ಕ್ರಾಸ್ ಜಾಯಿಂಟ್ ಬೇಗ ಸವೆಯುತ್ತದೆ. ಮುಂದೆ ಕ್ಯಾಸ್ಟರ್ ಸರಿಮಾಡಲು ಪಟ್ಟಿಗೂ ಆಕ್ಸಲ್ಲಿಗೂ ನಡುವೆ ಓರೆ ಬೆಣೆ ಇಡುವುದುಂಟು, ನಮಗೆ ಬೇಕಾಗಲಿಲ್ಲ.

ಖರ್ಚು ಕೇಳುತ್ತೀರಿ, ಹೇಳಿಬಿಡುತ್ತೇನೆ. ಪಟ್ಟಿ ಕೆಲಸ ಹೊಸ ಪ್ಲೇಟ್ ಸೇರಿ 6,500. ಬುಷ್, ಯು ಬೋಲ್ಟ್ 2,400. ಶಾಕ್ 7,200. ಬಿಚ್ಚಿ ಹಾಕಿದ ಕೂಲಿ 2,500. ಒಟ್ಟು 18,600. ಟೈರ್ ಬೇರೆ, ನಾಲ್ಕಕ್ಕೆ 27,000, ಅದು ಹೇಗೂ ಸವೆದು ಬೋಳಾಗಿತ್ತು. ಆ 2,800ರ ಶ್ಯಾಕಲ್ ಕೊಟ್ಟಿಗೆಯ ಅಟ್ಟದಲ್ಲಿದೆ.

ಸಿಕ್ಕಿದ್ದು ಮುಂದೆ 35, ಹಿಂದೆ 40 ಮಿಲಿಮೀಟರ್, ಅದರ ಮೇಲೆ ಟೈರಿನ 18. ದೂರದಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ, ಅದೂ ಒಳ್ಳೆಯದೇ. ಕಾನೂನಿನ ಮಾತು ಬಂದರೆ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯ ಮೇಲೆ ಒಂದೊಂದು ಬದಲಾವಣೆಗೆ 5,000 ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಹದಿನೈದು ವರ್ಷ ದಾಟಿದ ಗಾಡಿ ಐದೈದು ವರ್ಷಕ್ಕೆ ಎಫ್‌ಸಿಗೆ, ಅಂದರೆ ಆರ್‌ಟಿಒದ ಫಿಟ್‌ನೆಸ್ ತಪಾಸಣೆಗೆ, ಹೋಗಿ ನಿಲ್ಲಬೇಕು. 5 ಇಂಚು ಏರಿಸಿದ ಗಾಡಿ ತಗೊಂಡು ಹೋಗಿ ಇನ್ಸ್‌ಪೆಕ್ಟರ್ ಮುಂದೆ ನಿಂತು ಏನು ಹೇಳುತ್ತೀರಿ? ನನ್ನದರಲ್ಲೂ ಟೈರ್ ಒಂದು ಸೈಜು ದೊಡ್ಡದು, ಎಫ್‌ಸಿ ಹೊತ್ತಿಗೆ ಹಳೇ ಸೈಜಿಗೆ ಬರುವುದೇ ಅಂತ ಯೋಚಿಸಿಟ್ಟುಕೊಂಡಿದ್ದೇನೆ.

ಇನ್ನೂ ಅನುಮಾನ ಇದ್ದರೆ ಕೊಡಚಾದ್ರಿಗೆ ಹೋಗಿ ಬಾಡಿಗೆ ಜೀಪು ಹತ್ತಿ. ಆ ಕಲ್ಲು ದಾರಿಯಲ್ಲಿ ದಿನಾ ಜನ ತುಂಬಿಕೊಂಡು ಹತ್ತಿಳಿಯುವ ಜೀಪುಗಳ ಕೆಳಗೆ ಬಗ್ಗಿ ನೋಡಿದ್ದೇನೆ, ನಾನು ಕಂಡವುಗಳಲ್ಲಿ ಲಿಫ್ಟ್ ಕಿಟ್ ಅನ್ನುವುದು ಒಂದಕ್ಕೂ ಇರಲಿಲ್ಲ. ಒಳ್ಳೇ ಟೈರು, ಗಟ್ಟಿ ಪ್ಲೇಟು, ಯಾವ ಕಲ್ಲಿನ ಮೇಲೆ ಯಾವ ಚಕ್ರ ಇಡಬೇಕು ಅನ್ನುವುದು ಬಾಯಿಪಾಠ ಆಗಿರುವ ಡ್ರೈವರು.

ಈ ಸಲ ಮಳೆ ಶುರುವಾಗುವ ಮೊದಲು ಅಪ್ಪ ನನ್ನನ್ನು ಕೇಳದೆ ಎರಡಾಳು ಕರೆದು ಆ ದಿಣ್ಣೆ ಕಡಿಸಿಬಿಟ್ಟರು. ಅರ್ಧ ದಿನದ ಕೆಲಸ. ಹಾಗಾಗಿ ಹೊಸ ಎತ್ತರಕ್ಕೆ ಆ ದಿಣ್ಣೆ ಸಿಗುತ್ತಿತ್ತೋ ಇಲ್ಲವೋ ಅನ್ನುವುದು ಕೊನೆಗೂ ಗೊತ್ತಾಗಲಿಲ್ಲ. ತುಂಡಾದ ಪ್ಲೇಟನ್ನು ನಾನು ಭಾಯ್ ಹತ್ತಿರ ಬಿಟ್ಟು ಬಂದಿರಲಿಲ್ಲ, ನಮ್ಮೂರ ಕಮ್ಮಾರರ ಹತ್ತಿರ ಕೊಟ್ಟೆ. ಎರಡು ಕತ್ತಿ ಆಯ್ತು. ಒಂದು ಅಪ್ಪನ ಹತ್ತಿರ ಇದೆ. ಇನ್ನೊಂದನ್ನು ಟ್ರ್ಯಾಕ್ಟರ್ ತಂದು ಎಳೆದ ಭಾವ ಸೊಪ್ಪು ಕಡಿಯೋಕೆ ಅಂತ ಒಯ್ದವರು ಇನ್ನೂ ವಾಪಸ್ ಕೊಟ್ಟಿಲ್ಲ.